ಮೂರು ರಾಜರ ಉಪ್ಪು

ನಾನು ಒಮಾನಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಅಷ್ಟು ವರ್ಷಗಳಲ್ಲಿ ನೋಡಿದ್ದು ಸೊಹಾರಿನ ಒಂದು ಗೋದಾಮು, ಅದರ ಪಕ್ಕದ ಕ್ಯಾಂಪು, ಶುಕ್ರವಾರದ ಪೂಜೆಯ ಇಗರ್ಜಿ ಮತ್ತು ವಿಮಾನ ನಿಲ್ದಾಣ. ದೇಶದ ಉಳಿದ ಭಾಗವನ್ನು ಕಂಪನಿಯ ಕ್ಯಾಲೆಂಡರಿನಲ್ಲಿ ನೋಡಿದೆ. ನನ್ನ ಮೇಜಿನ ಎದುರು ಗೋಡೆಯಲ್ಲಿ ಅದು ತೂಗುತ್ತಿತ್ತು. ಕೊನೆಯ ವರ್ಷದ ಕ್ಯಾಲೆಂಡರಿನಲ್ಲಿ ಜನವರಿಗೆ ಮರುಭೂಮಿಯ ಹಳೆಯ ಕಲ್ಲಿನ ಕಟ್ಟಡಗಳು ಇದ್ದವು, ಫೆಬ್ರವರಿಗೆ ಉಪ್ಪಿನ ಕೆರೆ. ನಾನು ಹೇಳಿದ ಸುಳ್ಳು ಈ ಎರಡು ಹಾಳೆಗಳಿಂದ ಹುಟ್ಟಿದ್ದು. ಬೇರೆ ಯಾರ ಪಾಲೂ ಅದರಲ್ಲಿ ಇಲ್ಲ.

ಗಲ್ಫಿನಿಂದ ಬಂದವನ ಸೂಟ್‌ಕೇಸನ್ನು ನಮ್ಮ ಉಡುಪಿ ಕಡೆ ಒಬ್ಬನೇ ಕೂತು ತೆರೆಯುವ ಹಾಗಿಲ್ಲ. ಮರುದಿನ ನೆಂಟರೆಲ್ಲ ಸೇರಿದ ಮೇಲೆ ಚಾವಡಿಯ ನಡುವೆ ಇಟ್ಟು ತೆರೆಯಬೇಕು. ಯಾರಿಗೆ ಏನು ಬಂತು ಎಂಬುದನ್ನು ಎಲ್ಲರೂ ನೋಡಬೇಕು. ನಾನು ಕೆಲಸ ಮುಗಿಸಿ ಬಂದ ವರ್ಷ, ಅಂದರೆ ಏಳು ವರ್ಷದ ಹಿಂದೆ, ಅಕ್ಕನಿಗೆಂದು ತಂದ ಶಾಲನ್ನು ನನ್ನ ನಾದಿನಿ ತೆಗೆದು ಹೆಗಲಿಗೆ ಹಾಕಿಕೊಂಡಳು. "ನಂಗೆ ಸರಿಯಾಯ್ತಲ್ಲ ಭಾವ" ಅಂದಳು. ಇಲ್ಲ ಅನ್ನಲು ನನಗೆ ಧೈರ್ಯ ಬರಲಿಲ್ಲ. ಅಕ್ಕ ಎಲ್ಲರಿಗಿಂತ ದೊಡ್ಡವಳು, ನುಗ್ಗುವವಳಲ್ಲ. ಅವಳ ಸರದಿ ಬರುವಾಗ ಸೂಟ್‌ಕೇಸಿನಲ್ಲಿ ಒಂದು ದೊಡ್ಡ ಕಾಫಿಪುಡಿಯ ಬಾಟಲಿ ಮಾತ್ರ ಉಳಿದಿತ್ತು. ಅದರಲ್ಲಿ ಅರ್ಧದಷ್ಟು ಕಲ್ಲುಪ್ಪು.

ಆ ಉಪ್ಪು ಕ್ಯಾಂಪಿನ ಕೆಳಗಿನ ಅಂಗಡಿಯದು. ಗೋದಾಮಿನಲ್ಲಿ ದಿನವಿಡೀ ನಿಂತು ಕಾಲು ನೋಯುತ್ತಿದ್ದುದರಿಂದ ಸಂಜೆ ಬಿಸಿನೀರಿಗೆ ಅದನ್ನು ಹಾಕಿ ಕಾಲು ಇಳಿಬಿಡುತ್ತಿದ್ದೆ. ಸೂಟ್‌ಕೇಸ್ ತುಂಬಿಸಲು ಸಹಾಯ ಮಾಡಿದ ರೂಮಿನವನು ನನ್ನದೆಂದು ಕಂಡದ್ದನ್ನೆಲ್ಲ ತುಂಬಿಸಿದ್ದ.

"ಇದು ಎಂತದು ಬಾಬ್?" ಅಂದಳು ಅಕ್ಕ. ಬಾಬ್ ಅಂದರೆ ನಮ್ಮ ಕೊಂಕಣಿಯಲ್ಲಿ ಮಗು. ಅವಳ ಪಾಲಿಗೆ ನಾನು ಇಂದಿಗೂ ಅದೇ.

"ಅದು ನಿಂಗೆ."

"ಉಪ್ಪಾ?"

ಯಾರೋ ನಕ್ಕರು. ಆಗ ನಾನು ಹೇಳಿದೆ, "ಅಂಗಡಿ ಉಪ್ಪಲ್ಲ ಅಕ್ಕ. ಒಮಾನಿನ ಮರುಭೂಮಿಯಲ್ಲಿ ಒಂದು ಹಾಳೂರು ಉಂಟು. ಪಕ್ಕದಲ್ಲೇ ಉಪ್ಪಿನ ಕೆರೆ. ಬಾಲಯೇಸುವಿಗೆ ಧೂಪ ತಕೊಂಡು ಹೋದ ಮೂರು ರಾಜರು ಅಲ್ಲಿ ತಂಗಿದ್ರು. ಆ ಊರಿನವರು ಅವರಿಗೆ ನೀರು ಕೊಟ್ರು. ಆ ಕೆರೆಯ ಉಪ್ಪು ಇದು. ನಾನೇ ಹೋಗಿ ತೆಗೆದದ್ದು."

ಧೂಪ ಒಮಾನಿನಲ್ಲಿ ಬೆಳೆಯುತ್ತದೆ ಎಂಬುದು ನಿಜ. ಉಳಿದದ್ದು ನನ್ನದು. ಹೇಳುವಾಗ ಯಾವ ಅಡಚಣೆಯೂ ಆಗಲಿಲ್ಲ. ನಗುತ್ತಿದ್ದವರು ನಗು ನಿಲ್ಲಿಸಿದರು. ಶಾಲು ಹಾಕಿಕೊಂಡಿದ್ದ ನಾದಿನಿ ಅದನ್ನು ಹೆಗಲಿನಿಂದ ತೆಗೆದು ಮಡಿಚಿಟ್ಟಳು.

ಅಕ್ಕ ಬಾಟಲಿಯನ್ನು ಮನೆಯ ಆಲ್ತಾರಿನಲ್ಲಿ, ಅಂದರೆ ದೇವರ ಪೀಠದಲ್ಲಿ, ಮಾತೆಯ ಪ್ರತಿಮೆಯ ಪಕ್ಕದಲ್ಲಿಟ್ಟಳು. ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುವ ಅಗತ್ಯವಿರಲಿಲ್ಲ. ಪಕ್ಕದ ಮನೆಯ ಮಗುವಿಗೆ ಜ್ವರ ಬಂದಾಗ ಒಂದು ಚಿಟಿಕೆ ಕೊಟ್ಟಳು. ಜ್ವರ ಇಳಿಯಿತು. ಎದುರು ಮನೆಯ ದನ ಕರುವಿಗೆ ಹಾಲು ಬಿಡುತ್ತಿರಲಿಲ್ಲ, ಹಿಂಡಿಗೆ ಚಿಟಿಕೆ ಬಿತ್ತು, ಬಿಟ್ಟಿತು. ಹೀಗೆ ಎಂಟು ಮನೆಗಳಿಗೆ ಆ ಉಪ್ಪು ಹೋಯಿತು. ಅವರಲ್ಲಿ ಮೂರು ಮನೆಯವರು ನಮ್ಮ ಇಗರ್ಜಿಗೆ ಸೇರಿದವರೂ ಅಲ್ಲ. ಉಪ್ಪಿನ ವಿಷಯದಲ್ಲಿ ಯಾರೂ ಜಾತಿ ಕೇಳಲಿಲ್ಲ.

ಆಮೇಲೆ ಭಾವನಿಗೆ ಕಾಯಿಲೆಯಾಯಿತು. ಭಾವ ಅಂದರೆ ಅಕ್ಕನ ಗಂಡ. ಮೂತ್ರಪಿಂಡ ಕೆಟ್ಟಿದೆ, ಉಪ್ಪು ಮುಟ್ಟಬಾರದು ಅಂದರು ಡಾಕ್ಟರರು. ಭಾವ ಊಟದ ಮನುಷ್ಯ. ಸಪ್ಪೆ ಗಂಜಿಯ ಬಟ್ಟಲನ್ನು ದೂಡಿ, "ಇದು ಬಟ್ಟೆಗೆ ಹಾಕುವ ಗಂಜಿ. ಹೊರಗೆ ಒಣಗಲಿಕ್ಕೆ ಹಾಕು ನನ್ನನ್ನು" ಅನ್ನುತ್ತಿದ್ದನಂತೆ. ಡಾಕ್ಟರರು ಬೇಡವೆಂದದ್ದು ಅಂಗಡಿಯ ಉಪ್ಪನ್ನು, ರಾಜರ ಉಪ್ಪನ್ನಲ್ಲ ಎಂದು ಅಕ್ಕ ಯೋಚಿಸಿದಳು. ಅವನ ಗಂಜಿಗೆ ದಿನಕ್ಕೆ ಎರಡು ಹೊತ್ತು ಅದರ ಒಂದು ಚಿಟಿಕೆ ಹಾಕಿದಳು. ಎರಡು ತಿಂಗಳಾದ ಮೇಲೆ ಭಾವ ತೀರಿಹೋದ.

ತೀರಿ ತಿಂಗಳಾದಾಗ ಮಾಡಿಸುವ ತಿಂಗಳ ಪೂಜೆಯ ಊಟದಲ್ಲಿ ಅಕ್ಕ ಎಲ್ಲರ ಮುಂದೆ, "ಬಾಬ್ ತಂದ ಉಪ್ಪಿನಿಂದ ಎರಡು ತಿಂಗಳು ಹೆಚ್ಚು ಬದುಕಿದ್ರು" ಅಂದಳು. ನನಗೆ ಆ ವಿಷಯ ಗೊತ್ತಾದದ್ದೇ ಆಗ. ಕೈಯಲ್ಲಿ ಸಣ್ಣದ, ಅಂದರೆ ನಮ್ಮವರು ಮಾಡುವ ಇಡ್ಲಿಯ, ತುಂಡು ಇತ್ತು. ನಾನು ಅದನ್ನು ತಿಂದೆ. ಇನ್ನೆರಡು ಹಾಕಿಸಿಕೊಂಡೆ.

ಆನಂತರ ಒಬ್ಬ ಡಾಕ್ಟರರ ಹತ್ತಿರ, ಯಾರದೋ ವಿಷಯ ಎಂಬಂತೆ, ಚಿಟಿಕೆ ಉಪ್ಪಿನಿಂದ ಮನುಷ್ಯ ಸಾಯುತ್ತಾನೆಯೇ ಎಂದು ಕೇಳಿದೆ. "ಎಷ್ಟು ಚಿಟಿಕೆ?" ಅಂದರು. ಗೊತ್ತಿಲ್ಲ ಅಂದೆ. ಗೊತ್ತಿಲ್ಲದಿದ್ದರೆ ಹೇಳಲಾಗುವುದಿಲ್ಲ ಅಂದರು. ಇನ್ನೊಬ್ಬ ಡಾಕ್ಟರರನ್ನು ನಾನು ಕೇಳಲಿಲ್ಲ.

ಈಗ ನಾನು ವರ್ಷದಲ್ಲಿ ಕೆಲವು ತಿಂಗಳು ಸೊಹಾರಿನಲ್ಲಿ ಮಗಳ ಮನೆಯಲ್ಲಿರುತ್ತೇನೆ. ಅಳಿಯ ಅಲ್ಲಿನ ಬಂದರಿನ ಕಡೆ ಇಂಜಿನಿಯರ್. ಕಳೆದ ಜನವರಿಯಲ್ಲಿ ಅಕ್ಕ ಒಂದು ತಿಂಗಳ ವೀಸಾದಲ್ಲಿ ಬಂದಳು. ಎಪ್ಪತ್ತನಾಲ್ಕು ವರ್ಷ, ಮೊದಲ ವಿಮಾನಯಾನ. ಅವಳ ಬ್ಯಾಗಿನಿಂದ ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿ ಹೊರಬಂದ ಮೇಲೆ ಅದೇ ಕಾಫಿಪುಡಿಯ ಬಾಟಲಿ ಬಂತು. ತೊಳೆದು ಒಣಗಿಸಿದ್ದು. ಖಾಲಿ.

"ಮುಗಿದು ಒಂದು ವರ್ಷ ಆಯ್ತು ಮಾರಾಯ. ಈ ಸಲ ತುಂಬ ತಕೊಂಡು ಹೋಗ್ತೇನೆ. ಎಂಟು ಮನೆಯವರೂ ಹೇಳಿ ಕಳಿಸಿದ್ದಾರೆ."

ಅವಳ ಪಾದಗಳು ಊದಿದ್ದವು. ಪ್ರೆಶರಿನ ಮಾತ್ರೆಗಳನ್ನು ಅವಳು ಬ್ಯಾಗಿನಿಂದ ಹೊರಗೆ ತೆಗೆದಿರಲೇ ಇಲ್ಲ. ಮಗಳು ಕೇಳಿದ್ದಕ್ಕೆ, "ಇನ್ನು ಎಂತಕ್ಕೆ ಅದೆಲ್ಲ? ಉಪ್ಪು ಸಿಗ್ತದಲ್ಲ, ಗಂಜಿಗೆ ಅದನ್ನೇ ಹಾಕಿ ಕುಡಿತೇನೆ" ಅಂದಳು.

ಆ ಶುಕ್ರವಾರ ನಾನು ಪಾಪನಿವೇದನೆಗೆ ಹೋದೆ. ಪ್ರತಿ ವರ್ಷವೂ ಹೋಗುತ್ತಿದ್ದೆ, ಕೋಪ ಮಾಡಿಕೊಂಡದ್ದು, ಪೂಜೆ ತಪ್ಪಿಸಿದ್ದು ಎಲ್ಲ ಹೇಳುತ್ತಿದ್ದೆ, ಇದನ್ನು ಹೇಳುತ್ತಿರಲಿಲ್ಲ. ಈ ಸಲ ಹೇಳಿದೆ. ಪಾದ್ರಿಗಳು ಕಿರಿಯ ವಯಸ್ಸಿನವರು. "ಇದರಿಂದ ಯಾರಿಗಾದರೂ ತೊಂದರೆಯಾಗಿದೆಯೇ?" ಎಂದು ಕೇಳಿದರು. "ಒಬ್ಬರು ತೀರಿಕೊಂಡರು, ಇನ್ನೊಬ್ಬರು ಮಾತ್ರೆ ಬಿಟ್ಟಿದ್ದಾರೆ" ಅಂದೆ. ಜಪಸರ ಹೇಳಲು ಕೊಡುತ್ತಾರೆಂದು ಭಾವಿಸಿದ್ದೆ. ಅವರು ಕೊಡಲಿಲ್ಲ. ಅಕ್ಕನಿಗೆ ಹೇಳಿ, ಅದೇ ಪ್ರಾಯಶ್ಚಿತ್ತ ಅಂದರು. ಜಪಸರವಾದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಇದಕ್ಕೆ ನಾನು ಹನ್ನೆರಡು ದಿನ ತೆಗೆದುಕೊಂಡೆ. ಅಷ್ಟರಲ್ಲಿ ಅಳಿಯ, ಕ್ಯಾಲೆಂಡರಿನಲ್ಲಿ ನಾನು ಓದಿದ್ದ ಎರಡು ಹೆಸರುಗಳನ್ನು ನನ್ನಿಂದ ಕೇಳಿಕೊಂಡು, ರಜೆ ಹಾಕಿ, ಅಕ್ಕನನ್ನು ಅಲ್ಲಿಗೆ ಕರೆದೊಯ್ಯುವ ಪ್ರವಾಸವನ್ನೇ ಗೊತ್ತುಮಾಡಿಬಿಟ್ಟ.

ಬೆಳಿಗ್ಗೆ ಐದಕ್ಕೆ ಹೊರಟೆವು. ಅಳಿಯ, ಅಕ್ಕ, ನಾನು. ನನ್ನ ಹೆಂಡತಿಗೆ ಮಂಡಿನೋವು, ಬರಲಿಲ್ಲ. ಅಕ್ಕನ ಮಡಿಲಲ್ಲಿ ಬಾಟಲಿ ಮತ್ತು ಒಂದು ಸ್ಟೀಲಿನ ಚಮಚ.

"ಮಾವ, ನೀವು ಹೋದವರಲ್ಲ, ದಾರಿ ಹೇಳಿ" ಅಂದ ಅಳಿಯ.

"ಮ್ಯಾಪ್ ಹಾಕು. ಈಗ ರಸ್ತೆ ಎಲ್ಲ ಬದಲಾಗಿದೆ."

"ಮ್ಯಾಪಲ್ಲಿ ಹಾಳೂರು ಒಂದು ಕಡೆ, ಉಪ್ಪಿನ ಕೆರೆ ಒಂದು ಕಡೆ ತೋರಿಸ್ತದೆ. ಮಧ್ಯ ಎರಡೂವರೆ ಗಂಟೆ ದಾರಿ."

ಹಿಂದಿನ ಸೀಟಿನಿಂದ ಅಕ್ಕ, "ಪಕ್ಕದಲ್ಲೇ ಅಂದಿದ್ದೆ ನೀನು" ಅಂದಳು.

ಕ್ಯಾಲೆಂಡರಿನಲ್ಲಿ ಜನವರಿ ಮತ್ತು ಫೆಬ್ರವರಿಯ ಮಧ್ಯೆ ಒಂದು ಕಬ್ಬಿಣದ ತಂತಿ ಮಾತ್ರ ಇತ್ತು. "ಒಂಟೆಯಲ್ಲಿ ಹೋಗುವವರಿಗೆ ಅದು ಪಕ್ಕವೇ" ಅಂದೆ.

"ಒಂಟೆ ಕಾರಿಗಿಂತ ಜೋರು ಓಡ್ತದಾ?" ಅಂದಳು. ಅಳಿಯ ಓರೆಗಣ್ಣಿನಲ್ಲಿ ನನ್ನನ್ನೊಮ್ಮೆ ನೋಡಿದ.

ಬೆಟ್ಟಗಳ ನಡುವಿನ ರಸ್ತೆ ಹಿಡಿದು ಇಬ್ರಿಗೆ ಬಂದೆವು. ಅಲ್ಲಿ ಪರೋಟ ತಿಂದು, ಬಾತ್ ಎಂಬ ಹಳ್ಳಿಯ ಕಡೆಗೆ ತಿರುಗಿದೆವು. ಹಳೆಯ ಕಟ್ಟಡಗಳು ಇರುವುದು ಆ ಹಳ್ಳಿಯ ಆಚೆ. ಕರಿಯ ಕಲ್ಲುಗಳ ಬಯಲು, ಗುಡ್ಡದ ಏರಿನ ಮೇಲೆ ಆಳೆತ್ತರದ, ಗಾರೆಯಿಲ್ಲದೆ ಜೋಡಿಸಿದ ದುಂಡಗಿನ ಕಲ್ಲಿನ ಗೂಡುಗಳು. ಕೆಲವು ಪೂರ್ತಿ, ಕೆಲವು ಕುಸಿದಿವೆ. ಯಾವ ಜಾಗದ ಸುಳ್ಳು ಹೇಳಿದ್ದೆನೋ ಆ ಜಾಗವನ್ನು ಮೊದಲ ಸಲ ನೋಡಿದೆ. ಚೆನ್ನಾಗಿತ್ತು.

ಅಳಿಯ ಫಲಕ ಓದಿದ. "ಆಂಟಿ, ಇದು ಊರಲ್ಲ, ಗೋರಿಗಳಂತೆ. ಸುಮಾರು ಐದು ಸಾವಿರ ವರ್ಷ ಹಳೇದು."

ಅಕ್ಕ ಬೆರಳು ಮಡಚಿ ಎಣಿಸಿದಳು. ಅವಳು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಲೆಕ್ಕದಲ್ಲಿ ಅವಳನ್ನು ಯಾರೂ ಸೋಲಿಸಿಲ್ಲ.

"ಯೇಸು ಹುಟ್ಟಿ ಎರಡು ಸಾವಿರ ವರ್ಷ ಅಲ್ವಾ ಬಾಬ್?"

"ಹೌದು."

"ಹಾಗಾದ್ರೆ ರಾಜರು ಬರುವಾಗ ಇವರು ಸತ್ತು ಮೂರು ಸಾವಿರ ವರ್ಷ ಆಗಿತ್ತು. ನೀರು ಕೊಟ್ಟದ್ದು ಯಾರು?"

"ಅವರ ಮಕ್ಕಳು."

"ಮೂರು ಸಾವಿರ ವರ್ಷದ ಮಕ್ಕಳಾ?"

"ಮೊಮ್ಮಕ್ಕಳು" ಅಂದೆ.

ಆಗ ಹೇಳಬಹುದಿತ್ತು. ಅಕ್ಕನೇ ಬಾಗಿಲು ತೆರೆದುಕೊಟ್ಟಿದ್ದಳು. ನಾನು ಒಳಗೆ ಹೋಗಲಿಲ್ಲ. ಅಷ್ಟರಲ್ಲಿ ಆ ಊರಿನ ಒಬ್ಬ ವಯಸ್ಸಾದ ಒಮಾನಿ ಆಡುಗಳನ್ನು ಹೊಡೆದುಕೊಂಡು ಬಂದು ಸಲಾಂ ಹೇಳಿದರು.

"ಅವರತ್ರ ಕೇಳು, ರಾಜರು ಎಲ್ಲಿ ಕೂತಿದ್ರು ಅಂತ" ಅಂದಳು ಅಕ್ಕ.

ನನ್ನದು ಗೋದಾಮಿನ ಅರಬ್ಬಿ. ಪೆಟ್ಟಿಗೆ ಎಷ್ಟು, ಲಾರಿ ಯಾವಾಗ ಎಂಬುದಕ್ಕೆ ಸಾಕಾಗುವಷ್ಟು. ಇದು ಯಾರದು ಎಂದು ಕೇಳಿದೆ. ಗೋರಿಗಳು, ಬಹಳ ಹಳೆಯವು, ಯಾರದೆಂದು ದೇವರಿಗೆ ಗೊತ್ತು ಅಂದರು. ಮನೆಗೆ ಬನ್ನಿ, ಕಹ್ವಾ ಕುಡಿದು ಹೋಗಿ ಎಂದೂ ಕರೆದರು. ದೂರ ಹೋಗಲಿಕ್ಕಿದೆ ಎಂದು ಕೈಮುಗಿದೆ.

"ಎಂತ ಹೇಳಿದ್ರು?"

"ರಾಜರ ವಿಷಯ ಅವರ ಅಜ್ಜನಿಗೆ ಗೊತ್ತಿತ್ತಂತೆ" ಅಂದೆ.

ಪ್ರಾಯಶ್ಚಿತ್ತಕ್ಕೆಂದು ಹೊರಟವನು ದಾರಿಯಲ್ಲಿ ಇನ್ನೊಂದು ಸುಳ್ಳು ಸೇರಿಸಿದೆ. ಅದಕ್ಕೆ ಆ ಒಳ್ಳೆಯ ಮನುಷ್ಯನ ಅಜ್ಜನನ್ನು ಬಳಸಿಕೊಂಡೆ. ಅಕ್ಕ ಒಂದು ಗೋರಿಯ ಬಾಗಿಲಿನ ಹತ್ತಿರ ನಿಂತು, ತಲೆಗೆ ಸೆರಗು ಹಾಕಿ, ಸತ್ತವರಿಗಾಗಿ ಹೇಳುವ ಪ್ರಾರ್ಥನೆಯನ್ನು ಹೇಳಿದಳು. ಯಾರೆಂದು ಗೊತ್ತಿಲ್ಲದಿದ್ದರೂ ಸತ್ತವರು ಸತ್ತವರೇ ಅಂದಳು.

ಇಬ್ರಿ ದಾಟಿದ ಮೇಲೆ ಬೆಟ್ಟಗಳು ಮುಗಿದವು. ಎಣ್ಣೆ ಬಾವಿಗಳ ಲಾರಿಗಳು ಓಡಾಡುವ ನೇರ ರಸ್ತೆ. ಎರಡು ಕಡೆ ಏನೂ ಇಲ್ಲ. ಅಕ್ಕ ಜಪಸರ ತೆಗೆದಳು. ಅಳಿಯ ಹಾಡು ನಿಲ್ಲಿಸಿದ. ಪ್ರತಿ ಹತ್ತನೇ ಮಣಿಗೆ ನಾನು ಈಗ ಹೇಳುತ್ತೇನೆ ಅಂದುಕೊಂಡೆ. ಐದು ಸುತ್ತು ಮುಗಿಯಿತು.

ಕೆರೆ ಎಂದು ನಾನು ಹೇಳಿದ್ದು ನಿಜವಾಗಿ ಕೆರೆಯಲ್ಲ. ಇಲ್ಲಿನವರು ಸಬ್ಖಾ ಅನ್ನುತ್ತಾರೆ, ಉಪ್ಪಿನ ಬಯಲು. ಆ ತಿಂಗಳು ಮಳೆ ಬಿದ್ದಿದ್ದರಿಂದ ದೂರದಲ್ಲಿ ಗೇಣು ಆಳದ ನೀರು ನಿಂತು ಹೊಳೆಯುತ್ತಿತ್ತು. ಹತ್ತಿರದಲ್ಲಿ ಒಣಗಿದ ಉಪ್ಪು ದೊಡ್ಡ ದೊಡ್ಡ ಹಪ್ಪಳಗಳಂತೆ ಒಡೆದು, ಅಂಚು ಮೇಲಕ್ಕೆ ಮಡಚಿಕೊಂಡು ಬಿದ್ದಿತ್ತು. ಕಣ್ಣು ಬಿಡಲಾಗದ ಬಿಳುಪು.

"ಗಾಡಿ ಇಲ್ಲಿಂದ ಮುಂದೆ ಇಳಿಸುದಿಲ್ಲ" ಅಂದ ಅಳಿಯ. "ಮೇಲೆ ಗಟ್ಟಿ ಕಾಣ್ತದೆ, ಒಳಗೆ ಕೆಸರು. ನೀವೂ ದೂರ ಹೋಗ್ಬೇಡಿ ಆಂಟಿ." ಫೋನಿಗೆ ಸಿಗ್ನಲ್ ಹುಡುಕುತ್ತ ಅವನು ರಸ್ತೆಯ ದಿಬ್ಬದ ಕಡೆ ಹೋದ.

ಅಕ್ಕ ಚಪ್ಪಲಿ ಬಿಚ್ಚಿಟ್ಟಳು. ನಾಲ್ಕು ಹೆಜ್ಜೆ ಹೋಗಿ, ಸೊಂಟ ಹಿಡಿದುಕೊಂಡು ಕುಳಿತಳು. ಬಾಟಲಿಯ ಮುಚ್ಚಳ ತಿರುಗಿಸಿದಳು. ಒಂದು ಚಮಚ ಉಪ್ಪು ತೆಗೆದು, ಬಾಟಲಿಗೆ ಹಾಕುವ ಮೊದಲು ಶಿಲುಬೆಯ ಗುರುತು ಮಾಡಲು ಕೈ ಎತ್ತಿದಳು.

"ಅಕ್ಕ, ಬೇಡ. ಆ ಉಪ್ಪು ಇಲ್ಲಿದ್ದಲ್ಲ" ಅಂದೆ.

"ಮತ್ತೆ? ಆಚೆ ಕಡೆದ್ದಾ?"

"ಅಂಗಡಿದು. ನಾನು ಇಲ್ಲಿಗೆ ಬಂದದ್ದೇ ಇವತ್ತು. ರಾಜರು ಬಂದದ್ದು ನಂಗೆ ಗೊತ್ತಿಲ್ಲ. ನಾನು ಕಟ್ಟಿ ಹೇಳಿದ್ದು."

ಅವಳು ನನ್ನನ್ನು ನೋಡಿ ನಕ್ಕಳು. "ಏರ್‌ಪೋರ್ಟಲ್ಲಿ ತೂಕ ಆಗ್ತದೆ ಅಂತ ಹೆದರಿಕೆಯಾ ನಿಂಗೆ? ನಾನು ಹಪ್ಪಳ, ಅಕ್ಕಿ ಎಲ್ಲ ಇಲ್ಲೇ ಬಿಟ್ಟು ಹೋಗ್ತೇನಲ್ಲ. ಬ್ಯಾಗ್ ಖಾಲಿ."

ಇಷ್ಟು ವರ್ಷ ಸುಳ್ಳನ್ನು ನಂಬಿದವಳು ನಿಜವನ್ನು ನಂಬಲಿಲ್ಲ. ನಾನು ಎಲ್ಲವನ್ನೂ ಹೇಳಬೇಕಾಯಿತು. ನಾದಿನಿಯ ಹೆಗಲಿನ ಶಾಲು, ಕ್ಯಾಲೆಂಡರಿನ ಹಾಳೆಗಳು, ಕ್ಯಾಂಪಿನ ಕೆಳಗಿನ ಅಂಗಡಿ, ಬಿಸಿನೀರಿನ ಬಕೆಟು.

"ಕಾಲು ಅದ್ದಿದ ಉಪ್ಪಾ?" ಅಂದಳು.

"ಅಲ್ಲ. ಅದ್ದಲಿಕ್ಕೆ ಇಟ್ಟದ್ದು. ಅದ್ದಿದ್ದು ನೀರಲ್ಲಿ ಹೋಯ್ತು."

ಅವಳು ಚಮಚದಲ್ಲಿದ್ದುದನ್ನು ನೆಲಕ್ಕೆ ಸುರಿದಳು. ಬಹಳ ನಿಧಾನವಾಗಿ, ಚೆಲ್ಲದ ಹಾಗೆ. ಆಮೇಲೆ ಕೇಳಿದಳು.

"ಹಾಗಾದ್ರೆ ಅವರಿಗೆ ನಾನು ಹಾಕಿದ್ದು?"

"ಅದೂ ಅಂಗಡಿದೇ ಅಕ್ಕ."

"ಡಾಕ್ಟರು ಬೇಡ ಅಂದದ್ದು."

"ಹೌದು."

"ತಿಂಗಳ ಪೂಜೆಯ ದಿನ ನೀನು ನನ್ನೆದುರು ಕೂತು ಸಣ್ಣ ತಿಂದೆ."

"ಮೂರು ತಿಂದೆ" ಅಂದೆ. ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ಇನ್ನು ಯಾವುದೂ ತಪ್ಪಾಗಿ ಉಳಿಯುವುದು ಬೇಡ ಅನ್ನಿಸಿತ್ತು.

ಬಯ್ಯುತ್ತಾಳೆಂದು ಕಾದೆ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬಯ್ಯುವ ಹಕ್ಕು ಅವಳೊಬ್ಬಳಿಗೇ ಇರುವುದು, ಅದನ್ನು ಅವಳು ಎಂದೂ ಬಿಟ್ಟುಕೊಟ್ಟವಳಲ್ಲ. ಅವಳು ಏಳಲು ಕೈ ಚಾಚಿದಳು. ನಾನು ಹಿಡಿಯಲು ಹೋದಾಗ ಕೈಯನ್ನು ಹಿಂದಕ್ಕೆ ತೆಗೆದು, ನೆಲವನ್ನೇ ಊರಿ, ಮೂರನೇ ಪ್ರಯತ್ನಕ್ಕೆ ಎದ್ದಳು. ಅಂಗೈಗೆ ಉಪ್ಪು ಹತ್ತಿತ್ತು. ಸೀರೆಗೆ ಒರೆಸಿದಳು.

ಅಳಿಯ ವಾಪಸು ಬಂದ. "ಎಂತ ಆಂಟಿ, ಬಾಟ್ಲಿ ಖಾಲಿ? ಬೇರೆ ಕಡೆ ನೋಡುವನಾ?"

"ಬೇಡ ಮಗಾ. ಇದರಲ್ಲಿ ಮಣ್ಣುಂಟು" ಅಂದಳು. ಅಳಿಯನೆದುರು ನನ್ನ ಮಾನ ಉಳಿಸಿದಳೋ, ತನ್ನದನ್ನೋ, ನಾನು ಕೇಳಲಿಲ್ಲ. ಆಮೇಲೆ ನಾನೇ ಅವನಿಗೆ ಎಲ್ಲ ಹೇಳಿದೆ. "ಬೆಳಿಗ್ಗೆಯೇ ಅನುಮಾನ ಬಂದಿತ್ತು ಮಾವ, ನಿಮಗೆ ಇಬ್ರಿಯ ದಾರಿಯೇ ಗೊತ್ತಿರಲಿಲ್ಲ" ಅಂದ.

ಹಿಂತಿರುಗುವಾಗ ಅಕ್ಕ ಖಾಲಿ ಬಾಟಲಿಯನ್ನು ಕಾಲಬುಡಕ್ಕೆ ಇಟ್ಟಳು. ಒಂದು ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿದಾಗ ಅಳಿಯನ ಹತ್ತಿರ ನೀರಿನ ಬಾಟಲಿ ತರಿಸಿದಳು. ನೀರು ಕುಡಿದು, "ಮನೆಗೆ ಹೋದ ಮೇಲೆ ನನ್ನ ಮಾತ್ರೆ ಎಲ್ಲುಂಟು ನೋಡ್ಬೇಕು. ಬ್ಯಾಗಿನ ಅಡಿಯಲ್ಲಿರ್ಬೇಕು" ಎಂದು ಅವನಿಗೇ ಹೇಳಿದಳು. ಮನೆಗೆ ಬಂದವಳೇ ಹುಡುಕಿ ತೆಗೆದು ನುಂಗಿದಳು. ಅಂದಿನಿಂದ ದಿನಾ ನುಂಗುತ್ತಿದ್ದಾಳೆ. ಮಗಳು ಪ್ರೆಶರ್ ನೋಡುವ ಮಿಶಿನ್ ತಂದಳು. ಸಂಖ್ಯೆ ಏನೆಂದು ಅಕ್ಕ ಎಲ್ಲರಿಗೂ ಹೇಳುತ್ತಿದ್ದಳು, ನನಗೆ ಬಿಟ್ಟು.

ಹೊರಡುವ ಹಿಂದಿನ ದಿನ ನನ್ನನ್ನು ಕರೆದು ಕೂರಿಸಿದಳು. "ನನ್ನ ಮಕ್ಕಳಿಗೆ ನಾನು ಹೇಳ್ತೇನೆ. ಎಂಟು ಮನೆಗೆ ಹೋಗಿ ನಿಂತು ಹೇಳ್ಲಿಕ್ಕೆ ನನ್ನಿಂದಾಗುದಿಲ್ಲ. ನೀನು ಬರಿ. ನಮ್ಮಲ್ಲಿ ಹತ್ತನೇ ಪಾಸಾದವ ನೀನೊಬ್ಬನೇ. ಕನ್ನಡದಲ್ಲಿ ಬರಿ, ಎಲ್ಲರಿಗೂ ಓದ್ಲಿಕ್ಕಾಗ್ಬೇಕು. ಚಂದ ಮಾಡಿ ಬರಿಬೇಡ. ನೀನು ಚಂದ ಮಾಡಿ ಹೇಳಿದ್ದು ಸಾಕು."

ಹಾಗಾಗಿ ಬರೆದೆ. ಇಷ್ಟನ್ನು ಬರೆದ ಮೇಲೆ ಮೊನ್ನೆ ಫೋನಿನಲ್ಲಿ ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿದಳು. ದನದ ವಿಷಯ ಸರಿಯುಂಟು, ಜ್ವರದ ಮಗು ಪಕ್ಕದ ಮನೆಯದ್ದಲ್ಲ, ಅದರಾಚೆಯದ್ದು ಅಂದಳು. ಅದನ್ನು ಕೊನೆಯಲ್ಲಿ ಸೇರಿಸುತ್ತೇನೆ ಅಂದೆ. ಆಮೇಲೆ ಲೈನು ತುಂಡಾಯಿತೋ ಎಂದು ನಾನು ಎರಡು ಸಲ ಹಲೋ ಅಂದೆ.

"ನಿನ್ನ ಭಾವನ ಗಂಜಿಯ ಕತೆ ನೀನು ಬರೆದದ್ದು ಸರಿಯಿಲ್ಲ" ಅಂದಳು ಕೊನೆಗೆ. "ಚಿಟಿಕೆ ಅಲ್ಲ ಅದು. ಮೊದಲ ಒಂದು ವಾರ ಚಿಟಿಕೆ. ಆಮೇಲೆ ಅವರು ಇನ್ನು ಸ್ವಲ್ಪ, ಇನ್ನು ಸ್ವಲ್ಪ ಅಂತ ಕೇಳ್ತಿದ್ರು. ನಾನು ಚಮಚದಲ್ಲಿ ಹಾಕ್ತಿದ್ದೆ. ಬಟ್ಟಲು ಖಾಲಿ ಮಾಡ್ತಿದ್ರು. ಅವರಿಗೆ ಬೇಕಾದ್ದು ರಾಜರಲ್ಲ, ಉಪ್ಪು ಅಂತ ನಂಗೆ ಗೊತ್ತಾಗ್ತಿತ್ತು ಬಾಬ್. ಗೊತ್ತಿದ್ದೇ ಹಾಕಿದ್ದು. ಎರಡು ತಿಂಗಳು ಮನುಷ್ಯ ನೆಮ್ಮದಿಯಲ್ಲಿ ಉಂಡ. ಅದನ್ನೂ ಬರಿ."

ಬರೆದಿದ್ದೇನೆ.